ನಮ್ಮೂರ ಹಣದ ಲೆಕ್ಕವನ್ನು ಸದನದಲ್ಲಿ ಕೇಳಿಸುವುದು ಹೇಗೆ?

ಅಧಿವೇಶನದ ದಿನಾಂಕ ಪೇಪರಿನಲ್ಲಿ ಬಂದರೆ ಸಾಕು, ನನಗೆ ಬರುವ ಫೋನುಗಳಲ್ಲಿ ಒಂದೇ ಮಾತು ಇರುತ್ತದೆ. ‘ನಮ್ಮೂರ ಕೆರೆಗೆ ದುಡ್ಡು ಬಂದಿದೆ ಅಂತಾರೆ, ಕೆಲಸ ಮಾತ್ರ ಕಾಣ್ತಿಲ್ಲ. ಎಮ್ಮೆಲ್ಲೆಯವರ ಕೈಲಿ ಸದನದಲ್ಲಿ ಕೇಳಿಸ್ಬೇಕು, ಏನ್ ಮಾಡ್ಬೇಕು?’ ಜಗಳೂರಿನವರು ಕೇಳುತ್ತಾರೆ, ಚಳ್ಳಕೆರೆಯವರು ಕೇಳುತ್ತಾರೆ, ಹೊನ್ನಾಳಿಯವರೂ ಕೇಳುತ್ತಾರೆ. ಈಚೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. ಆಕಾಶವಾಣಿ, ದೂರದರ್ಶನಕ್ಕೆ ಸರ್ಕಾರ ಎಷ್ಟು ಹಣ ಕೊಡುತ್ತೆ, ಅದರಲ್ಲಿ ನಮ್ಮ ಕಡೆಯ ಕೇಂದ್ರಕ್ಕೆ ಎಷ್ಟು ಬರುತ್ತೆ ಅಂತ.

ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಶಾಸಕರು ಪ್ರಶ್ನೆ ಕೇಳಲು ಒಪ್ಪುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಕಷ್ಟ ಇರುವುದು ಪ್ರಶ್ನೆಯ ಮಾತಿನಲ್ಲಿ. ಸರಿಯಾಗಿ ಬರೆದ ಪ್ರಶ್ನೆಗೆ ಇಲಾಖೆ ಅಂಕಿ ಕೊಡಲೇಬೇಕಾಗುತ್ತದೆ. ಸಡಿಲವಾಗಿ ಬರೆದ ಪ್ರಶ್ನೆಗೆ ಎರಡು ಪದದ ಉತ್ತರ ಬರುತ್ತದೆ, ಅಲ್ಲಿಗೆ ಆ ಅಧಿವೇಶನ ಮುಗಿದಂತೆ. ಹಾಗಾಗಿ ಮೂರನೇ ಹಂತವನ್ನು ಎರಡು ಸಲ ಓದಿ.

ಕೈಯಲ್ಲಿ ಏನಿರಬೇಕು?

ಜಾಸ್ತಿ ಏನೂ ಬೇಡ. ಕೆಲಸದ ಸರಿಯಾದ ಹೆಸರು, ಊರು, ಯಾವ ವರ್ಷದ್ದು ಎನ್ನುವುದು ಗೊತ್ತಿರಬೇಕು. ಕಾಮಗಾರಿ ಜಾಗದಲ್ಲಿ ನಾಮಫಲಕ ಇದ್ದರೆ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಯೋಜನೆಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು ಅದರಲ್ಲೇ ಸಿಗುತ್ತವೆ. ಗ್ರಾಮ ಪಂಚಾಯಿತಿಯ ಕ್ರಿಯಾ ಯೋಜನೆ, ಅಂದರೆ ಆ ವರ್ಷ ಯಾವ ಕೆಲಸಕ್ಕೆ ಎಷ್ಟು ಹಣ ಎಂದು ಬರೆದ ಪಟ್ಟಿ, ಸಿಕ್ಕರೆ ಇನ್ನೂ ಒಳ್ಳೆಯದು.

ಹಂತ 1: ಹಣ ಯಾರದು ಅಂತ ಮೊದಲು ತಿಳಿದುಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. ಕೇಂದ್ರದ ವಿಷಯವನ್ನು ಶಾಸಕರ ಹತ್ತಿರ ಒಯ್ಯುತ್ತಾರೆ, ರಾಜ್ಯದ ವಿಷಯವನ್ನು ಸಂಸದರ ಹತ್ತಿರ ಒಯ್ಯುತ್ತಾರೆ. ಎರಡೂ ಕಡೆ ಪ್ರಶ್ನೆ ಬಿದ್ದುಹೋಗುತ್ತದೆ.

ರಸ್ತೆಯನ್ನೇ ತೆಗೆದುಕೊಳ್ಳಿ. ಚಿತ್ರದುರ್ಗ, ದಾವಣಗೆರೆ, ಹರಿಹರದ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಕೇಂದ್ರದ್ದು. ಅದನ್ನು ಸಂಸದರು ಕೇಳಬೇಕು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯವು. ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆ ಗ್ರಾಮೀಣಾಭಿವೃದ್ಧಿ ಇಲಾಖೆಯದು. ಇವೆರಡನ್ನೂ ಶಾಸಕರು ಕೇಳಬಹುದು.

ಕೆರೆಯಲ್ಲಿ ಇನ್ನೂ ಸೂಕ್ಷ್ಮ ಇದೆ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಹರಿಯುವ ಜಮೀನು, 40 ಹೆಕ್ಟೇರ್ (ಸುಮಾರು 100 ಎಕರೆ) ಒಳಗಿದ್ದರೆ ಆ ಕೆರೆ ಪಂಚಾಯತ್ ರಾಜ್ ಸಂಸ್ಥೆಗಳ ಕೈಯಲ್ಲಿರುತ್ತದೆ. 40ರಿಂದ 2,000 ಹೆಕ್ಟೇರ್‌ವರೆಗೆ ಸಣ್ಣ ನೀರಾವರಿ ಇಲಾಖೆ. ಅದಕ್ಕೂ ಮೇಲಿನದು ಜಲಸಂಪನ್ಮೂಲ ಇಲಾಖೆ. ನಿಮ್ಮೂರಿನ 80 ಎಕರೆ ಅಚ್ಚುಕಟ್ಟಿನ ಕೆರೆಯ ಬಗ್ಗೆ ಸಣ್ಣ ನೀರಾವರಿ ಸಚಿವರನ್ನು ಕೇಳಿದರೆ, ‘ಸದರಿ ಕೆರೆಯು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಅವರು ಹೇಳಿದ್ದು ಸುಳ್ಳೂ ಅಲ್ಲ.

ಕೆಲವು ಯೋಜನೆಗಳಲ್ಲಿ ಎರಡೂ ಕಡೆಯ ಹಣ ಇರುತ್ತದೆ. ಭದ್ರಾ ಮೇಲ್ದಂಡೆ ಯೋಜನೆ ಹಾಗಿನದು. ಕೆಲಸ ಮಾಡಿಸುವುದು ರಾಜ್ಯದ ವಿಶ್ವೇಶ್ವರಯ್ಯ ಜಲ ನಿಗಮ. ಅದೇ ಯೋಜನೆಗೆ 5,300 ಕೋಟಿ ರೂಪಾಯಿ ಕೊಡುತ್ತೇವೆ ಎಂದು ಕೇಂದ್ರ ಸರ್ಕಾರ 2023-24ರ ಬಜೆಟ್ಟಿನಲ್ಲಿ ಹೇಳಿತು. ನಿಗಮ ಎಷ್ಟು ಖರ್ಚು ಮಾಡಿದೆ ಅಂತ ಶಾಸಕರು ವಿಧಾನಸಭೆಯಲ್ಲಿ ಕೇಳಬೇಕು. ಆ 5,300 ಕೋಟಿಯಲ್ಲಿ ಎಷ್ಟು ಬಿಡುಗಡೆಯಾಗಿದೆ ಅಂತ ಸಂಸದರು ಲೋಕಸಭೆಯಲ್ಲಿ ಕೇಳಬೇಕು. ಎರಡು ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಿಜ ಚಿತ್ರ ಕಾಣುತ್ತದೆ. ದಾವಣಗೆರೆ ಸ್ಮಾರ್ಟ್ ಸಿಟಿಗೂ ಇದೇ ದಾರಿ. 2016ರ ಜನವರಿಯಲ್ಲಿ ಬಂದ ಮೊದಲ 20 ನಗರಗಳ ಪಟ್ಟಿಯಲ್ಲೇ ನಮ್ಮ ಊರು ಇತ್ತು. ಅದಕ್ಕೂ ಕೇಂದ್ರ, ರಾಜ್ಯ ಎರಡರ ಹಣ ಬಂದಿದೆ.

ಇನ್ನು ಆಕಾಶವಾಣಿ, ದೂರದರ್ಶನ. ಪ್ರಸಾರ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿರುವ ವಿಷಯ. ವಿಧಾನಸಭೆಯಲ್ಲಿ ಇದನ್ನು ಕೇಳಲು ಬರುವುದೇ ಇಲ್ಲ. ಆದರೆ ರಾಜ್ಯ ಸರ್ಕಾರ ಜಾಹೀರಾತಿಗೆ ಎಷ್ಟು ಖರ್ಚು ಮಾಡಿತು ಎನ್ನುವುದು ರಾಜ್ಯದ ವಾರ್ತಾ ಇಲಾಖೆಯ ವಿಷಯ, ಅದನ್ನು ಧಾರಾಳವಾಗಿ ಕೇಳಬಹುದು. ಒಂದು ಎಚ್ಚರಿಕೆ: ನಿಗಮ, ಮಂಡಳಿಗಳು ತಮ್ಮ ಲೆಕ್ಕದಿಂದ ನೇರವಾಗಿ ಕೊಟ್ಟ ಜಾಹೀರಾತು ಆ ಉತ್ತರದಲ್ಲಿ ಸೇರದೆ ಹೋಗಬಹುದು. ‘ನಿಗಮ, ಮಂಡಳಿಗಳೂ ಸೇರಿದಂತೆ’ ಎಂಬ ಮಾತನ್ನು ಪ್ರಶ್ನೆಯಲ್ಲೇ ಬರೆಯಿರಿ.

ಹಂತ 2: ಯಾರ ಹತ್ತಿರ ಹೋಗಬೇಕು?

ದಾವಣಗೆರೆ ಜಿಲ್ಲೆಯಲ್ಲಿ 7 ವಿಧಾನಸಭಾ ಕ್ಷೇತ್ರಗಳಿವೆ, ಚಿತ್ರದುರ್ಗದಲ್ಲಿ 6. ಮೊದಲು ನಿಮ್ಮ ಕ್ಷೇತ್ರದ ಶಾಸಕರನ್ನೇ ಕೇಳಿ. ಆದರೆ ನಿಮ್ಮ ಶಾಸಕರು ಸಚಿವರಾಗಿದ್ದರೆ ಅವರು ಸದನದಲ್ಲಿ ಪ್ರಶ್ನೆ ಕೇಳುವವರಲ್ಲ, ಉತ್ತರ ಕೊಡುವವರು. ಆಗ ಪಕ್ಕದ ಕ್ಷೇತ್ರದ ಶಾಸಕರ ಹತ್ತಿರ ಹೋಗಿ. ತನ್ನ ಕ್ಷೇತ್ರದ್ದೇ ಪ್ರಶ್ನೆ ಕೇಳಬೇಕೆಂಬ ನಿಯಮ ಯಾವ ಶಾಸಕರಿಗೂ ಇಲ್ಲ. ವಿಧಾನ ಪರಿಷತ್ ಸದಸ್ಯರನ್ನು ಜನ ಮರೆತೇ ಬಿಡುತ್ತಾರೆ. ಸ್ಥಳೀಯ ಸಂಸ್ಥೆಗಳು, ಪದವೀಧರರು, ಶಿಕ್ಷಕರು ಆರಿಸಿದ ಸದಸ್ಯರೂ ಇದೇ ರೀತಿ ಪ್ರಶ್ನೆ ಕೇಳಬಹುದು.

ಸಂಸದರ ವಿಷಯದಲ್ಲಿ ಗಡಿ ಸ್ವಲ್ಪ ಬೇರೆ. ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯಲ್ಲಿದೆ, ಆದರೆ ಲೋಕಸಭೆಗೆ ದಾವಣಗೆರೆ ಕ್ಷೇತ್ರ. ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ತುಮಕೂರು ಜಿಲ್ಲೆಯ ಶಿರಾ, ಪಾವಗಡವೂ ಸೇರುತ್ತವೆ.

ಹೋಗುವಾಗ ಗುಂಪು ಕಟ್ಟಿಕೊಂಡು, ಘೋಷಣೆ ಕೂಗಿಕೊಂಡು ಹೋಗಬೇಡಿ. ಶಾಸಕರ ಆಪ್ತ ಸಹಾಯಕರನ್ನು ಮೊದಲು ನೋಡಿ. ‘ಸರ್, ಒಂದು ಪ್ರಶ್ನೆ ತಯಾರು ಮಾಡ್ಕೊಂಡು ಬಂದಿದೀನಿ, ಸಾಹೇಬ್ರು ಒಂದ್ಸಲ ನೋಡ್ಲಿ’ ಎಂದು ಒಂದೇ ಪುಟದ ಹಾಳೆ ಕೊಡಿ. ಪ್ರಶ್ನೆ ಬರೆಯುವ ಕೆಲಸ ಆಗಿಯೇ ಇದ್ದರೆ ಅವರಿಗೂ ಸುಲಭ, ಅಲ್ವಾ?

ಒಂದು ಗಂಭೀರ ಮಾತು. ಪ್ರಶ್ನೆ ಕೇಳಿಸಲು ಹಣ, ಉಡುಗೊರೆ ಯಾವುದನ್ನೂ ಕೊಡಬೇಡಿ, ಯಾರಾದರೂ ಕೇಳಿದರೂ ಕೊಡಬೇಡಿ. ಹಣ ಪಡೆದು ಪ್ರಶ್ನೆ ಕೇಳಿದ ಪ್ರಕರಣದಲ್ಲಿ 2005ರ ಡಿಸೆಂಬರಿನಲ್ಲಿ 11 ಸಂಸದರನ್ನು ಸಂಸತ್ತಿನಿಂದಲೇ ಹೊರಹಾಕಿದರು.

ಹಂತ 3: ಪ್ರಶ್ನೆ ಬರೆಯುವುದು

ನಮ್ಮ ವಿಧಾನಸಭೆಯ ಉತ್ತರದ ಹಾಳೆಯನ್ನು ನೀವು ನೋಡಿಲ್ಲದಿದ್ದರೆ ಒಮ್ಮೆ ನೋಡಿ. ವಿಧಾನಸಭೆಯ ವೆಬ್‌ಸೈಟಿನಲ್ಲಿ ಸಿಗುತ್ತವೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಪ್ರಶ್ನೆಯನ್ನು ಅ, ಆ, ಇ, ಈ ಎಂದು ತುಂಡು ಮಾಡಿರುತ್ತಾರೆ. ಪ್ರತಿ ತುಂಡಿಗೂ ಎದುರಿಗೆ ಒಂದು ಉತ್ತರ. ಈ ಅಚ್ಚನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಆಯಿತು.

ನನ್ನ ಹತ್ತಿರ ಬರುವ ಹೆಚ್ಚಿನ ಪ್ರಶ್ನೆಗಳು ಹೀಗಿರುತ್ತವೆ:

(ಅ) ಜಗಳೂರು ತಾಲ್ಲೂಕಿನಲ್ಲಿ ಹೂಳೆತ್ತುವ ಹೆಸರಿನಲ್ಲಿ ಕೋಟ್ಯಂತರ ರೂಪಾಯಿ ಲೂಟಿಯಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ;
(ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು?

ಮೊದಲನೆಯದಾಗಿ ‘ಲೂಟಿ’ ಎಂಬ ಪದಕ್ಕೇ ಪ್ರಶ್ನೆ ತಿರಸ್ಕಾರ ಆಗಬಹುದು. ಆರೋಪ, ಊಹೆ, ವ್ಯಂಗ್ಯ, ವಾದ ಯಾವುದೂ ಪ್ರಶ್ನೆಯಲ್ಲಿ ಇರಬಾರದು. ಹೇಗೋ ದಾಟಿಹೋಯಿತು ಅನ್ನಿ, ಉತ್ತರ ಏನು ಬರುತ್ತೆ ಗೊತ್ತಾ? (ಅ) ಎದುರಿಗೆ ‘ಬಂದಿರುವುದಿಲ್ಲ’. (ಆ) ಎದುರಿಗೆ ‘ಉದ್ಭವಿಸುವುದಿಲ್ಲ’. ಮುಗಿಯಿತು. ‘ಗಮನಕ್ಕೆ ಬಂದಿದೆಯೇ’ ಎಂದು ಶುರು ಮಾಡಿ, ‘ಬಂದಿದ್ದಲ್ಲಿ’ ಎಂದು ಮುಂದಿನ ತುಂಡನ್ನು ಅದಕ್ಕೆ ಕಟ್ಟಿದರೆ, ಮೊದಲನೆಯದು ಬಿದ್ದ ಕೂಡಲೇ ಉಳಿದವೆಲ್ಲ ಅದರ ಜೊತೆಗೇ ಬೀಳುತ್ತವೆ. ಇದರಿಂದ ಎಷ್ಟು ಒಳ್ಳೆಯ ವಿಷಯಗಳು ಹಾಳಾಗಿವೆಯೋ ಲೆಕ್ಕವಿಲ್ಲ. ನನಗೆ ಇದು ನಿಜಕ್ಕೂ ಹೊಟ್ಟೆ ಉರಿಸುವ ಸಂಗತಿ.

ಅದೇ ವಿಷಯವನ್ನು ಹೀಗೆ ಬರೆಯಿರಿ:

(ಅ) 2022-23ರಿಂದ 2024-25ರವರೆಗೆ ಜಗಳೂರು ತಾಲ್ಲೂಕಿನಲ್ಲಿ ಸಣ್ಣ ನೀರಾವರಿ ಇಲಾಖೆ ವ್ಯಾಪ್ತಿಯ ಕೆರೆಗಳ ಹೂಳೆತ್ತಲು ಹಾಗೂ ಏರಿ ದುರಸ್ತಿಗೆ ಹಂಚಿಕೆಯಾದ, ಬಿಡುಗಡೆಯಾದ ಮತ್ತು ವೆಚ್ಚವಾದ ಅನುದಾನವೆಷ್ಟು. (ವರ್ಷವಾರು, ಲೆಕ್ಕ ಶೀರ್ಷಿಕೆವಾರು ವಿವರ ನೀಡುವುದು)
(ಆ) ಈ ಅನುದಾನದಲ್ಲಿ ಕೈಗೊಂಡ ಕಾಮಗಾರಿಗಳಾವುವು. (ಕೆರೆವಾರು, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಕಾರ್ಯಾದೇಶದ ದಿನಾಂಕ, ಪೂರ್ಣಗೊಂಡ ದಿನಾಂಕ, ಪಾವತಿಸಿದ ಮೊತ್ತದೊಂದಿಗೆ ವಿವರ ನೀಡುವುದು)
(ಇ) ಪೂರ್ಣಗೊಳ್ಳದ ಕಾಮಗಾರಿಗಳಾವುವು; ಅವುಗಳಿಗೆ ಈಗಾಗಲೇ ಪಾವತಿಸಿದ ಮೊತ್ತವೆಷ್ಟು;
(ಈ) ವೆಚ್ಚವಾಗದೆ ಉಳಿದ ಮೊತ್ತವೆಷ್ಟು. ಅದು ಯಾವ ಖಾತೆಯಲ್ಲಿದೆ?

ಇಲ್ಲಿ ಒಂದು ತುಂಡು ಇನ್ನೊಂದಕ್ಕೆ ಜೋತುಬಿದ್ದಿಲ್ಲ. ಎಲ್ಲಿಯೂ ‘ಬಂದಿರುವುದಿಲ್ಲ’ ಎಂದು ಬರೆಯಲು ಜಾಗವಿಲ್ಲ. ‘ವಿವರ ನೀಡುವುದು’ ಎಂಬ ಮಾತು ಚಿಕ್ಕದು, ಆದರೆ ಅದಿದ್ದರೆ ಇಲಾಖೆ ಅನುಬಂಧ ಕೊಡಬೇಕಾಗುತ್ತದೆ. ಅನುಬಂಧ ಎಂದರೆ ಉತ್ತರದ ಹಿಂದೆ ಲಗತ್ತಿಸುವ ಪಟ್ಟಿ. ನಮಗೆ ಬೇಕಾದದ್ದು ಇರುವುದು ಆ ಪಟ್ಟಿಯಲ್ಲೇ.

ಮೂರು ಪದಗಳನ್ನು ಮಾತ್ರ ಗಟ್ಟಿಯಾಗಿ ನೆನಪಿಡಿ. ಹಂಚಿಕೆ ಎಂದರೆ ಬಜೆಟ್ಟಿನಲ್ಲಿ ಇಷ್ಟು ಎಂದು ಬರೆದದ್ದು. ಬಿಡುಗಡೆ ಎಂದರೆ ಆರ್ಥಿಕ ಇಲಾಖೆ ನಿಜವಾಗಿ ಕೊಟ್ಟದ್ದು. ವೆಚ್ಚ ಎಂದರೆ ಖಜಾನೆಯಿಂದ ಬಿಲ್ ಆಗಿ ಹೋದದ್ದು. ಸುಮ್ನೆ ‘ಎಷ್ಟು ಅನುದಾನ ನೀಡಲಾಗಿದೆ’ ಅಂತ ಕೇಳಿದರೆ ಹಂಚಿಕೆಯ ದೊಡ್ಡ ಅಂಕಿಯನ್ನು ಬರೆದು ಕಳಿಸಬಹುದು.

ವೆಚ್ಚದಲ್ಲೂ ಒಂದು ತೊಡಕು ಇದೆ. ಮಾರ್ಚ್ 31ರ ಒಳಗೆ ಖರ್ಚಾಗದ ಹಣ ವಾಪಸ್ ಹೋಗಬಾರದು ಅಂತ ಅದನ್ನು ಖಜಾನೆಯಿಂದ ತೆಗೆದು ಪಿ.ಡಿ. ಖಾತೆಗೆ ಹಾಕುವುದುಂಟು. ಪಿ.ಡಿ. ಖಾತೆ ಎಂದರೆ ಅಧಿಕಾರಿಯ ಹುದ್ದೆಯ ಹೆಸರಿನಲ್ಲಿರುವ ಠೇವಣಿ ಖಾತೆ. ಕೆಲಸ ಮಾಡುವ ಏಜೆನ್ಸಿಗೆ ಮುಂಗಡವಾಗಿ ಕೊಡುವುದೂ ಉಂಟು. ಕಾಗದದಲ್ಲಿ ಎರಡೂ ‘ವೆಚ್ಚ’ ಎಂದೇ ಕಾಣಬಹುದು, ಹೂಳು ಮಾತ್ರ ಕೆರೆಯಲ್ಲೇ ಇರುತ್ತದೆ. ಮೇಲಿನ ಪ್ರಶ್ನೆಯ (ಇ) ಮತ್ತು (ಈ) ಇರುವುದು ಇದಕ್ಕೇ. ಕೇಳುವವರಿಗೂ ಉತ್ತರ ಕೊಡುವವರಿಗೂ ಗೊತ್ತಿರುವ ಈ ಜಾಗವನ್ನು ಪ್ರಶ್ನೆಯಲ್ಲಿ ಮುಚ್ಚದೆ ಬಿಟ್ಟರೆ ಉತ್ತರ ಅಲ್ಲಿಂದಲೇ ಜಾರುತ್ತದೆ.

ಲೆಕ್ಕ ಶೀರ್ಷಿಕೆ ಎಂದರೆ ಪ್ರತಿ ಬಗೆಯ ಖರ್ಚಿಗೆ ಬಜೆಟ್ಟಿನಲ್ಲಿ ಕೊಟ್ಟಿರುವ ಸಂಖ್ಯೆ. ಸಾಮಾನ್ಯ ಶಿಕ್ಷಣಕ್ಕೆ 2202, ವೈದ್ಯಕೀಯ ಮತ್ತು ಆರೋಗ್ಯಕ್ಕೆ 2210. ಸಂಖ್ಯೆ ಗೊತ್ತಿದ್ದರೆ ಬರೆಯಿರಿ, ಗೊತ್ತಿಲ್ಲದಿದ್ದರೆ ‘ಲೆಕ್ಕ ಶೀರ್ಷಿಕೆವಾರು’ ಎಂದಷ್ಟೇ ಬರೆದರೂ ಸಾಕು.

ಅವಧಿಯ ಬಗ್ಗೆ ಒಂದು ಮಾತು. ಮೂರು ವರ್ಷಕ್ಕಿಂತ ಹಿಂದಕ್ಕೆ ಹೋಗಬೇಡಿ, ಮಾಹಿತಿ ಸಂಗ್ರಹಿಸಲು ಸಮಯ ಬೇಕು ಎಂಬ ನೆಪ ಸಿಗುತ್ತದೆ. ಹಳೆಯ ಅಂಕಿ ಬೇಕೇ ಬೇಕು ಅಂದರೆ ತಾಲ್ಲೂಕುವಾರು ಕೇಳಿ. ಹರಪನಹಳ್ಳಿ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು. ಜಿಲ್ಲೆಯ ಒಟ್ಟು ಅಂಕಿಯನ್ನು ಆಗಿನದಕ್ಕೂ ಈಗಿನದಕ್ಕೂ ಹೋಲಿಸಿದರೆ ಖರ್ಚು ಇಳಿದಂತೆ ಕಾಣುತ್ತದೆ. ಇಳಿದಿರುವುದು ಒಂದು ತಾಲ್ಲೂಕು.

ನ್ಯಾಯಾಲಯದಲ್ಲಿರುವ ವಿಷಯ ಬೇಡ. ‘ಸರ್ಕಾರದ ಅಭಿಪ್ರಾಯವೇನು’ ಎಂದು ಕೇಳುವುದೂ ಬೇಡ.

ಹಂತ 4: ಆಕಾಶವಾಣಿ, ದೂರದರ್ಶನದ ಪ್ರಶ್ನೆ

ಇದಕ್ಕೆ ಬೇರೆ ಜಾಣ್ಮೆ ಬೇಕು. ಎರಡನ್ನೂ ನಡೆಸುವುದು ಪ್ರಸಾರ ಭಾರತಿ. 1990ರ ಕಾಯ್ದೆಯಂತೆ 1997ರ ನವೆಂಬರಿನಲ್ಲಿ ಶುರುವಾದ ಸ್ವಾಯತ್ತ ಸಂಸ್ಥೆ ಅದು. ಸ್ವಾಯತ್ತ ಎಂದರೆ ದಿನದಿನದ ಕೆಲಸದಲ್ಲಿ ಸರ್ಕಾರ ಕೈಹಾಕುವಂತಿಲ್ಲ. ಹಾಗಾಗಿ ‘ಬೆಳಗಿನ ಕೃಷಿ ಕಾರ್ಯಕ್ರಮ ಯಾಕೆ ನಿಲ್ಲಿಸಿದಿರಿ’ ಎಂಬಂಥ ಪ್ರಶ್ನೆಯನ್ನು ಲೋಕಸಭೆಯಲ್ಲಿ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಅದಕ್ಕೆ ಕೇಂದ್ರದ ಬಜೆಟ್ಟಿನಿಂದ ಸಹಾಯಧನ ಹೋಗುತ್ತದೆ. ಅದರ ಲೆಕ್ಕವನ್ನು ಸಿಎಜಿ, ಅಂದರೆ ದೇಶದ ಮಹಾಲೆಕ್ಕಪರಿಶೋಧಕರು ನೋಡುತ್ತಾರೆ. ವಾರ್ಷಿಕ ವರದಿ ಸಂಸತ್ತಿಗೆ ಬರುತ್ತದೆ. ಹಣದ ಬಾಗಿಲು ತೆರೆದೇ ಇದೆ, ಅಲ್ಲಿಂದ ಒಳಗೆ ಹೋಗಿ.

ಪ್ರಶ್ನೆಯನ್ನು ಮಾಹಿತಿ ಮತ್ತು ಪ್ರಸಾರ ಸಚಿವರಿಗೆ ಹಾಕಬೇಕು. ಒಂದು ಮಾದರಿ:

(ಅ) ಕಳೆದ ಮೂರು ಹಣಕಾಸು ವರ್ಷಗಳಲ್ಲಿ ಪ್ರಸಾರ ಭಾರತಿಗೆ ನೀಡಿದ ಸಹಾಯಧನವೆಷ್ಟು; (ಸಂಬಳಕ್ಕೆ ಮತ್ತು ಇತರ ವೆಚ್ಚಕ್ಕೆ ಪ್ರತ್ಯೇಕವಾಗಿ)
(ಆ) ಬೈಂಡ್ ಯೋಜನೆಯಡಿ ಕರ್ನಾಟಕದ ಆಕಾಶವಾಣಿ ಮತ್ತು ದೂರದರ್ಶನ ಕೇಂದ್ರಗಳಿಗೆ ಮಂಜೂರಾದ, ಬಿಡುಗಡೆಯಾದ, ವೆಚ್ಚವಾದ ಮೊತ್ತವೆಷ್ಟು; (ಕೇಂದ್ರವಾರು)
(ಇ) ಚಿತ್ರದುರ್ಗ ಮತ್ತು ಭದ್ರಾವತಿ ಆಕಾಶವಾಣಿ ಕೇಂದ್ರಗಳಲ್ಲಿ ಮಂಜೂರಾದ, ಭರ್ತಿಯಾದ, ಖಾಲಿ ಇರುವ ಹುದ್ದೆಗಳೆಷ್ಟು;
(ಈ) ಈ ಕೇಂದ್ರಗಳಲ್ಲಿ ಸ್ಥಳೀಯ ಕಾರ್ಯಕ್ರಮ ತಯಾರಿಕೆಗೆ ವೆಚ್ಚವಾದ ಮೊತ್ತವೆಷ್ಟು?

ಬೈಂಡ್ ಎಂದರೆ ಪ್ರಸಾರ ಭಾರತಿಯ ಯಂತ್ರ, ಸ್ಟುಡಿಯೊ, ಪ್ರಸಾರ ಗೋಪುರಗಳನ್ನು ಸುಧಾರಿಸಲು ಕೇಂದ್ರ ಸಂಪುಟ 2023ರ ಜನವರಿಯಲ್ಲಿ ಒಪ್ಪಿದ ಯೋಜನೆ. ಮೊತ್ತ 2,539.61 ಕೋಟಿ ರೂಪಾಯಿ, ಅವಧಿ 2025-26ರವರೆಗೆ. ಇಷ್ಟು ದೊಡ್ಡ ಹಣದಲ್ಲಿ ನಮ್ಮ ಕಡೆಯ ಕೇಂದ್ರಕ್ಕೆ ಏನು ಸಿಕ್ಕಿತು ಎಂದು ಕೇಳುವ ಹಕ್ಕು ಮೊಳಕಾಲ್ಮೂರಿನ ಹೊಲದಲ್ಲಿ ರೇಡಿಯೊ ಕೇಳುವವರಿಗೂ ಇದೆ.

ಒಂದು ಅಪಾಯ ಹೇಳಿಬಿಡುತ್ತೇನೆ. ಕೇಂದ್ರವಾರು ಕೇಳಿದ್ದಕ್ಕೆ ‘ಪ್ರಸಾರ ಭಾರತಿ ತಿಳಿಸಿರುವಂತೆ’ ಎಂದು ಶುರುಮಾಡಿ ಇಡೀ ದೇಶದ ಒಟ್ಟು ಅಂಕಿ ಮಾತ್ರ ಕೊಡಬಹುದು. ಹಾಗಾದರೆ ಬೇಜಾರಾಗಬೇಡಿ. ಉಳಿದದ್ದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, ಪ್ರಸಾರ ಭಾರತಿ ಆ ಕಾಯ್ದೆಯೊಳಗೆ ಬರುತ್ತದೆ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಇದೇ ಪ್ರಶ್ನೆಯ (ಇ), (ಈ) ತುಂಡುಗಳನ್ನು ಹಾಗೇ ಅರ್ಜಿಯಲ್ಲಿ ಇಳಿಸಬಹುದು.

ಲೋಕಸಭೆಗೆ ನೋಟಿಸ್ ಹಿಂದಿ ಅಥವಾ ಇಂಗ್ಲಿಷಿನಲ್ಲಿ ಹೋಗಬೇಕು. ಪ್ರಶ್ನೆ 150 ಪದ ಮೀರಬಾರದು. ಅನುವಾದ ಮಾಡಿಸಿ ಕೊಟ್ಟರೆ ಸಂಸದರ ಕಚೇರಿಯವರಿಗೆ ಅನುಕೂಲ.

ಹಂತ 5: ಚುಕ್ಕೆ ಇರಬೇಕೋ, ಬೇಡವೋ?

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಬಾಯಿಯಲ್ಲಿ ಉತ್ತರ ಕೊಡುತ್ತಾರೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರಹದಲ್ಲಿ ಉತ್ತರ. ಟಿವಿಯಲ್ಲಿ ಬರಲಿ ಅಂತ ಎಲ್ಲರೂ ಚುಕ್ಕೆ ಗುರುತಿನದನ್ನೇ ಬಯಸುತ್ತಾರೆ. ಖರ್ಚಿನ ಲೆಕ್ಕಕ್ಕೆ ಚುಕ್ಕೆ ಇಲ್ಲದ್ದೇ ವಾಸಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿಗಷ್ಟೇ ಜಾಗ, ಅದರಲ್ಲೂ ಕೆಲವೇ ಬಾಯಿಗೆ ಬರುತ್ತವೆ. ಚುಕ್ಕೆ ಇಲ್ಲದವು 230. ನಮಗೆ ಬೇಕಿರುವುದು ಪಟ್ಟಿ, ಭಾಷಣ ಅಲ್ಲ. ಪಟ್ಟಿ ಕೈಗೆ ಬಂದಮೇಲೆ ಮುಂದಿನ ಅಧಿವೇಶನದಲ್ಲಿ ಅದನ್ನೇ ಹಿಡಿದು ಚುಕ್ಕೆ ಗುರುತಿನ ಪ್ರಶ್ನೆ ಹಾಕಿಸಿ.

ಹಂತ 6: ಸಮಯ

ಅಧಿವೇಶನ ಶುರುವಾದ ಮೇಲೆ ಓಡಿದರೆ ಆಗುವುದಿಲ್ಲ. ಲೋಕಸಭೆಗೆ ಕನಿಷ್ಠ 15 ದಿನ ಮುಂಚೆ ನೋಟಿಸ್ ಕೊಟ್ಟಿರಬೇಕು. ರಾಜ್ಯದಲ್ಲೂ ಪ್ರಶ್ನೆಗಳನ್ನು ಮೊದಲೇ ಪಡೆಯುತ್ತಾರೆ, ಯಾವ ದಿನ ಯಾವ ಇಲಾಖೆಯ ಸರದಿ ಎಂದು ಪಟ್ಟಿಯೂ ಬರುತ್ತದೆ. ಅಧಿಸೂಚನೆ ಬಂದ ವಾರದಲ್ಲೇ ನಿಮ್ಮ ಹಾಳೆ ಶಾಸಕರ ಕಚೇರಿಯಲ್ಲಿರಬೇಕು. ಬೆಳಗಾವಿ ಅಧಿವೇಶನಕ್ಕಾದರೆ ದೀಪಾವಳಿ ಮುಗಿದ ಕೂಡಲೇ ತಯಾರಿ ಶುರು ಮಾಡಿ.

ಹಂತ 7: ಉತ್ತರ ಬಂದ ಮೇಲೆ

ಶಾಸಕರ ಕಚೇರಿಯಿಂದ ಅನುಬಂಧ ಸಹಿತ ಪ್ರತಿ ತೆಗೆದುಕೊಳ್ಳಿ. ಅನುಬಂಧ ಇಲ್ಲದ ಮೊದಲ ಪುಟ ಮಾತ್ರ ಕೊಟ್ಟರೆ ಬಿಡಬೇಡಿ.

‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’ ಎಂದು ಬಂದಿದ್ದರೆ ಅದು ಸೋಲಲ್ಲ. ಸದನಕ್ಕೆ ಆ ಮಾಹಿತಿಯನ್ನು ಒದಗಿಸುತ್ತೇವೆ ಎಂದು ಸಚಿವರು ಹೇಳಿದರೆ ಅದು ಭರವಸೆ ಎನಿಸುತ್ತದೆ. ಲೋಕಸಭೆಯಲ್ಲಿ ಅದನ್ನು ಮೂರು ತಿಂಗಳೊಳಗೆ ಈಡೇರಿಸಬೇಕು, ಇಲ್ಲದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಕೇಳುತ್ತದೆ. ನಮ್ಮ ವಿಧಾನಮಂಡಲದಲ್ಲೂ ಭರವಸೆಗಳ ಸಮಿತಿ ಇದೆ. ಉತ್ತರದ ದಿನಾಂಕ, ಪ್ರಶ್ನೆ ಸಂಖ್ಯೆ ಬರೆದಿಟ್ಟುಕೊಂಡು ಶಾಸಕರಿಗೆ ನೆನಪಿಸುತ್ತಿರಿ.

ಪಟ್ಟಿ ಸಿಕ್ಕಿದ್ದರೆ ಅದನ್ನು ಹಿಡಿದು ಕೆರೆಯ ಏರಿಯ ಮೇಲೆ ಹೋಗಿ ನಿಲ್ಲಿ. ಪಟ್ಟಿಯ ಒಂದೊಂದು ಸಾಲನ್ನೂ ಜಾಗದಲ್ಲಿ ನೋಡಿ, ಫೋಟೊ ತೆಗೆಯಿರಿ, ದಿನಾಂಕ ಬರೆಯಿರಿ. ಹೊಂದದ ಸಾಲುಗಳನ್ನು ಮಾತ್ರ ಬೇರೆ ಹಾಳೆಗೆ ಇಳಿಸಿ. ಆ ಹಾಳೆಯನ್ನು ಮುಂದಿನ ಅಧಿವೇಶನದವರೆಗೆ ಇಟ್ಟುಕೊಂಡು ಕೂರಬೇಕಿಲ್ಲ. ತಾಲ್ಲೂಕು ಕೆಡಿಪಿ ಸಭೆ, ಅಂದರೆ ಅಭಿವೃದ್ಧಿ ಕೆಲಸಗಳ ಪ್ರಗತಿ ನೋಡುವ ಸಭೆ, ಶಾಸಕರ ಅಧ್ಯಕ್ಷತೆಯಲ್ಲೇ ನಡೆಯುತ್ತದೆ, ಎಲ್ಲ ಇಲಾಖೆಯ ಅಧಿಕಾರಿಗಳೂ ಎದುರಿಗೇ ಕೂತಿರುತ್ತಾರೆ. ಕೇಂದ್ರದ ಯೋಜನೆಯಾದರೆ ಅವುಗಳ ಪ್ರಗತಿ ನೋಡಲು ಸಂಸದರ ಅಧ್ಯಕ್ಷತೆಯ ದಿಶಾ ಸಮಿತಿಯ ಸಭೆ ಇದೆ. ಸಭೆಗೆ ಎರಡು ದಿನ ಮೊದಲು ಆ ಹಾಳೆಯನ್ನು ಆಪ್ತ ಸಹಾಯಕರ ಕೈಗೆ ಕೊಡಿ. ಸದನಕ್ಕೆ ಕೊಟ್ಟ ಉತ್ತರದ ಪ್ರತಿಯನ್ನೂ ಜೊತೆಗೆ ಪಿನ್ ಮಾಡಿ, ಹೊಂದದ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿರಿ.